ಒಂದು ಲಕ್ಷ ತತ್ತಿ

ರಾತ್ರಿ ಒಂದೂವರೆಗೆ ಅಡುಗೆಮನೆಯಲ್ಲಿ ‘ಟಕ್’ ಎಂದು ಸಣ್ಣದೊಂದು ಸದ್ದಾಯಿತು. ಬೇರೆ ಯಾರಾದರೂ ಆಗಿದ್ದರೆ ಮಗ್ಗುಲು ಬದಲಿಸಿ ಮಲಗುತ್ತಿದ್ದರು. ಸಂಘಮಿತ್ರಾ ಎದ್ದು ಕೂತಳು. ಅವಳ ಹಳೆಯ ಫ್ರಿಜ್ಜು ಟಕ್ ಎಂದ ಮೇಲೆ ಮುದುಕರು ಕೆಮ್ಮಿದಂತೆ ಎರಡು ಸಲ ನಡುಗಿ, ಆಮೇಲೆ ಗುರ್ ಎಂದು ಶುರುಮಾಡುವುದು ವಾಡಿಕೆ. ಅವಳು ಕಿವಿ ನೆಟ್ಟು ಕಾದಳು. ಕೆಮ್ಮು ಬರಲಿಲ್ಲ. ಗುರ್ ಕೂಡ ಬರಲಿಲ್ಲ.

ಫ್ರಿಜ್ಜಿನ ಬಾಗಿಲು ತೆಗೆದರೆ ಒಳಗೆ ಕತ್ತಲು. ಆ ಕತ್ತಲಲ್ಲಿ, ಪ್ಲಾಸ್ಟಿಕ್ ಚೀಲವೊಂದರಲ್ಲಿ, ಅವಳ ನೌಕರಿ ಇತ್ತು.

ನೌಕರಿ ಅಂದರೆ ಐದು ಕಾರ್ಡು. ಒಂದೊಂದು ಕಾರ್ಡಿನ ಮೇಲೂ ಸಾಸಿವೆಗಿಂತ ಸಣ್ಣ, ಕರಿಬಣ್ಣದ ಇಪ್ಪತ್ತು ಸಾವಿರ ಮೊಟ್ಟೆ ಅಂಟಿಸಿರುತ್ತಾರೆ. ಅವುಗಳಿಂದ ಹೊರಬರುವ ಕಣಜಗಳು ಹತ್ತಿಯ ಕಾಯಿಕೊರಕದ ಮೊಟ್ಟೆಗಳನ್ನು ಹುಡುಕಿ ಕೊಲ್ಲುತ್ತವೆ. ರೈತ ಔಷಧಿ ಹೊಡೆಯಬೇಕಾಗಿಲ್ಲ, ಕಾರ್ಡನ್ನು ತುಂಡು ಮಾಡಿ ಎಲೆಯ ಹಿಂದೆ ಪಿನ್ನು ಹೊಡೆದರೆ ಸಾಕು. ಕಣಜ ಎಷ್ಟು ಸಣ್ಣದೆಂದರೆ, ಅದು ಇದೆ ಎಂದು ರೈತರನ್ನು ನಂಬಿಸುವುದೇ ಆರು ವರ್ಷದಿಂದ ಸಂಘಮಿತ್ರಾಳ ಕೆಲಸ. ಧಾರವಾಡದ ಯೋಜನಾ ಕಚೇರಿಯೊಂದರಲ್ಲಿ ಅವಳು ಕ್ಷೇತ್ರ ಸಹಾಯಕಿ. ಹನ್ನೊಂದು ತಿಂಗಳಿಗೊಮ್ಮೆ ಅವಳ ಆದೇಶ ನವೀಕರಣವಾಗಬೇಕು. ಈ ತಿಂಗಳ ಮೂವತ್ತಕ್ಕೆ ಅದು ಮುಗಿಯುತ್ತಿತ್ತು. ಮುಂದುವರಿಸುವುದೋ ಬಿಡುವುದೋ ಎಂದು ತೀರ್ಮಾನಿಸಲು ಬೆಂಗಳೂರಿನ ತಪಾಸಣೆ ಸಾಹೇಬರು ಬೆಳಗಾದರೆ ಉಪ್ಪಿನ ಬೆಟಗೇರಿಯ ಹೊಲಕ್ಕೆ ಬರುವವರಿದ್ದರು.

ಕಾರ್ಡುಗಳು ಕಚೇರಿಯ ಫ್ರಿಜ್ಜಿನಲ್ಲೇ ಇರಬೇಕಿತ್ತು. ಅದರಲ್ಲಿ ಸಾಹೇಬರಿಗೆಂದು ತಂದ ತಂಪು ಪಾನೀಯದ ಬಾಟಲಿಗಳು ತುಂಬಿದ್ದವು. ‘‘ಒಂದ ರಾತ್ರಿ ನಿಮ್ಮ ಮನ್ಯಾಗ ಇಟ್ಕೊಳ್ರಿ ಮೇಡಂ, ಹುಳಕ್ಕ ಯಾವ ಫ್ರಿಜ್ ಆದ್ರೇನು?’’ ಎಂದಿದ್ದ ಪ್ರಯೋಗಾಲಯದ ದತ್ತು. ಅವನದು ಕಾಯಂ ನೌಕರಿ. ಅವನಿಗೆ ಎಲ್ಲವೂ ‘ಆದ್ರೇನು’.

ತಂಪು ತಪ್ಪಿದರೆ ಕಣಜಗಳು ಹೊಲ ಮುಟ್ಟುವ ಮೊದಲೇ ಚೀಲದಲ್ಲಿ ಹುಟ್ಟಿ ಚೀಲದಲ್ಲೇ ಸಾಯುತ್ತವೆ. ಸಂಘಮಿತ್ರಾ ಚೀಲವನ್ನು ಒದ್ದೆ ಟವೆಲಿನಲ್ಲಿ ಸುತ್ತಿ, ಜ್ವರ ಬಂದ ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಬೆಳಗಿನವರೆಗೆ ಕೂತಳು. ಮೇಲಿನ ಮನೆಯಲ್ಲಿ ಬಕೆಟ್ಟಿನ ಸದ್ದಾದ ಕೂಡಲೆ ಮೆಟ್ಟಿಲು ಹತ್ತಿದಳು.

ಹುಬ್ಬಳ್ಳಿಯ ಗೋಪನಕೊಪ್ಪದ ಆ ಮನೆಯ ಒಡತಿ ರತ್ನವ್ವ. ಸಂಘಮಿತ್ರಾ ಎಂಬ ಹೆಸರು ಬಾಡಿಗೆ ಮಾತಾಡಿದ ದಿನವೇ ಆಕೆಯ ನಾಲಿಗೆಗೆ ಹತ್ತಿರಲಿಲ್ಲ. ‘‘ನಾ ಸಂಗವ್ವ ಅಂತೇನಿ. ನಮ್ಮ ಸಂಗಮನಾಥನ ಹೆಸರು, ಕರಿಯಾಕ ಛಲೋ’’ ಎಂದುಬಿಟ್ಟಿದ್ದರು. ಮೂರು ವರ್ಷದಲ್ಲಿ ಅವರು ಕೆಳಗಿನ ಮನೆಯಲ್ಲಿ ಒಂದು ಗುಟುಕು ಚಹಾ ಕುಡಿದಿರಲಿಲ್ಲ. ಯಾವಾಗ ಕರೆದರೂ ಈಗಷ್ಟೇ ಕುಡಿದಿರುತ್ತಿದ್ದರು. ಸಂಘಮಿತ್ರಾ ಹೆಸರನ್ನು ಎರಡು ಸಲ ತಿದ್ದಿ ಬಿಟ್ಟಳು. ಚಹಾಕ್ಕೆ ಒಂದೇ ಸಲ ಕರೆದು ಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅನ್ನಿಸಿತ್ತು.

‘‘ಏನವಾ ಸಂಗವ್ವ, ಇಷ್ಟ ನಸಿಕಿನ್ಯಾಗ?’’

‘‘ರತ್ನಕ್ಕಾರ, ನಮ್ಮ ಫ್ರಿಜ್ ಕೆಟ್ಟೈತ್ರಿ. ಎರಡು ತಾಸಿನ ಸಲುವಾಗಿ ಒಂದು ಪುಡಕಿ ನಿಮ್ಮ ಫ್ರಿಜ್ಜಿನ್ಯಾಗ ಇಡ್ಲೇನ್ರಿ?’’

‘‘ಏನೈತಿ ಅದರಾಗ?’’

ಈ ಪ್ರಶ್ನೆಗೆ ಉತ್ತರವನ್ನು ಅವಳು ಮೆಟ್ಟಿಲು ಹತ್ತುವಾಗಲೇ ತೂಗಿಟ್ಟುಕೊಂಡಿದ್ದಳು. ರತ್ನವ್ವನ ಮನೆಯಲ್ಲಿ ತತ್ತಿ ಎಂಬ ಶಬ್ದವನ್ನೂ ಒಳಗೆ ಬಿಡುವುದಿಲ್ಲ. ‘‘ಹತ್ತಿ ಹೊಲಕ್ಕ ಹಾಕೂದ್ರಿ. ಸರಕಾರದ್ದು.’’

‘‘ಬೀಜೇನು?’’

‘‘ಬೀಜ ಅಂತನ ತಿಳ್ಕೊಳ್ರಿ.’’

ರತ್ನವ್ವ ಯೋಚಿಸಿದರು. ಐತವಾರ ಮಗಳು ಶಾಂಭವಿಯನ್ನು ನೋಡಲು ಗಂಡಿನವರು ಬರುವವರಿದ್ದರು. ಒಳ್ಳೆಯ ಕೆಲಸದ ಹೊತ್ತಿಗೆ ಒಬ್ಬರಿಗೆ ಇಲ್ಲ ಅನ್ನಬಾರದು. ‘‘ಆತು ತಗೋ. ಆದ್ರ ಆ ಪ್ಲಾಸ್ಟಿಕ್ ಬ್ಯಾಡ. ನಿಮ್ಮ ಫ್ರಿಜ್ಜಿನ್ಯಾಗ ಅದೂ ಇದೂ ಇಡ್ತೀರಿ. ಅಲ್ಲಿ ನಮ್ಮ ಪೇಪರ್ ಬಿದ್ದಾವಲ್ಲ, ಅದರಾಗ ಸುತ್ತಿ ಕೊಡು.’’

ಸಂಘಮಿತ್ರಾ ಕಾರ್ಡುಗಳನ್ನು ಹಿಂದಿನ ರಾತ್ರಿಯೇ ಬೆರಳುದ್ದದ ತುಂಡುಗಳಾಗಿ ಕತ್ತರಿಸಿಟ್ಟಿದ್ದಳು. ಅವನ್ನು ಕಚೇರಿಯ ಚೀಟಿ ಸಮೇತ ನಿನ್ನೆಯ ಪತ್ರಿಕೆಯಲ್ಲಿ ಸುತ್ತಿ, ದಾರ ಕಟ್ಟಿ, ಹಾಲಿನ ಪಾತ್ರೆಗೆ ತಾಗದ ಹಾಗೆ ಕೆಳಗಿನ ಮೂಲೆಯಲ್ಲಿಟ್ಟಳು. ಇಳಿದು ಬರುವಾಗ ಅವಳ ಎದೆ ಹಗುರಾಗಿತ್ತು. ಆ ದಿನದ ಮಟ್ಟಿಗೆ ಅದು ಹಗುರಾಗಿದ್ದದ್ದು ಅದೊಂದೇ ಸಲ.

ಏಳೂವರೆಗೆ ಮತ್ತೆ ಮೇಲೆ ಹೋದಾಗ ಪಡಸಾಲೆಯಲ್ಲಿ ಪಂಚಾಯಿತಿ ನೆರೆದಿತ್ತು. ಪಾಲಿಶ್ ಮಾಡುವ ಕಾಸಿಮಸಾಬ ತಲೆಬಾಗಿಲನ್ನು ತಿಕ್ಕಲು ಕೂತಿದ್ದ. ಶಾಂಭವಿ ಬಾಯಿಗೆ ಓಢಣಿ ಒತ್ತಿಕೊಂಡು ನಗುತ್ತಿದ್ದಳು. ರತ್ನವ್ವನ ಒಂದು ಕೈಯಲ್ಲಿ ಗೋಮೂತ್ರದ ಬಾಟಲಿ, ಇನ್ನೊಂದರಲ್ಲಿ ರೊಟ್ಟಿ ಬೇಯಿಸುವ ಇಕ್ಕಳ.

‘‘ಬೀಜ ಅಂದೆಲ್ಲವಾ ಸಂಗವ್ವ?’’

ಶಾಂಭವಿ ಮೊಸರು ತೆಗೆಯಲು ಹೋದವಳು ಪುಡಕೆ ಬಿಚ್ಚಿ ಒಳಗಿನ ಚೀಟಿಯನ್ನು ಗಟ್ಟಿಯಾಗಿ ಓದಿದ್ದಳು: ‘ಕಾರ್ಡ್ ಒಂದಕ್ಕೆ ಮೊಟ್ಟೆ 20,000’. ಚೀಟಿ ಇನ್ನೂ ಅವಳ ಕೈಯಲ್ಲೇ ಇತ್ತು.

‘‘ಒಂದಲ್ಲ, ಎರಡಲ್ಲ, ಇಪ್ಪತ್ತ ಸಾವಿರ!’’

‘‘ಐದು ಕಾರ್ಡ್ ಅದಾವವ್ವಾ. ಒಂದು ಲಕ್ಷ ಆತು’’ ಎಂದಳು ಶಾಂಭವಿ.

‘‘ನೀ ಲೆಕ್ಕಾ ಮಾಡಬ್ಯಾಡ! ಐತವಾರ ಬೀಗರ ಮುಂದ ಕುಂಡ್ರೂ ಹುಡುಗಿ, ತತ್ತಿ ಲೆಕ್ಕಾ ಮಾಡಾಕತ್ತಾಳ.’’

‘‘ರತ್ನಕ್ಕಾರ, ಅವು ಕೋಳಿ ತತ್ತಿ ಅಲ್ರಿ. ಹುಳದ ತತ್ತಿ.’’

ಹೇಳಿದ ಮೇಲೆ ಸಂಘಮಿತ್ರಾಳಿಗೆ ತಿಳಿಯಿತು. ಇಷ್ಟು ವರ್ಷ ಮಾತು ತೂಗಿ ತೂಗಿ ಆಡಿದವಳು ತಕ್ಕಡಿಯನ್ನೇ ಕೆಳಗೆ ಬಿಟ್ಟಿದ್ದಳು.

‘‘ಹುಳದ್ದು!’’ ರತ್ನವ್ವ ಗೋಡೆಗೆ ಆತುಕೊಂಡರು. ‘‘ನಮ್ಮಪ್ಪಾ ಸಿದ್ಧಾರೂಢಾ! ತುಪ್ಪದ ಬಾಜೂಕ ಹುಳದ ತತ್ತಿ!’’

‘‘ಹುಳದ ತತ್ತೀಲೆ ಆಮ್ಲೇಟ್ ಆಗೂದಿಲ್ಲ ಬಿಡ್ರಿ ಅಕ್ಕಾರ’’ ಎಂದ ಕಾಸಿಮಸಾಬ, ಸಮಾಧಾನ ಮಾಡುವ ಧ್ವನಿಯಲ್ಲಿ.

‘‘ಕಾಸಿಮಣ್ಣ, ನೀ ಬಾಗಲಾ ತಿಕ್ಕು.’’

ಪುಡಕೆಯನ್ನು ರತ್ನವ್ವ ಆಗಲೇ ಮತ್ತೆ ಸುತ್ತಿಸಿ ಪಡಸಾಲೆಗೆ ಎಸೆದಿದ್ದರು. ಕಾಸಿಮಸಾಬನ ಸಾಮಾನುಗಳ ಪಕ್ಕದಿಂದ ಪತ್ರಿಕೆ ಸುತ್ತಿದ ಪುಡಕೆಯೊಂದನ್ನು ಇಕ್ಕಳದಲ್ಲಿ ಎತ್ತಿ, ಸತ್ತ ಇಲಿಯನ್ನು ಒಯ್ಯುವಂತೆ ದೂರ ಹಿಡಿದು, ಸಂಘಮಿತ್ರಾಳ ಚೀಲಕ್ಕೆ ಹಾಕಿದರು. ‘‘ನಡಿಯವಾ ಮೊದಲ. ನಾ ಇನ್ನ ಫ್ರಿಜ್ ತೊಳೀಬೇಕು.’’

ಸಂಘಮಿತ್ರಾ ಕಿವಿ ಕೆಂಪಾಗಿ ಮೆಟ್ಟಿಲಿಳಿದಳು. ಪುಡಕೆ ಬಿಚ್ಚಿ ನೋಡುವಷ್ಟು ಹೊತ್ತು ಕೂಡ ಆ ಮೆಟ್ಟಿಲ ಮೇಲೆ ನಿಲ್ಲಲು ಅವಳಿಗೆ ಸಾಧ್ಯವಿರಲಿಲ್ಲ.

ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ತಂಪುಗಾಳಿ ಬರುವ ಕಿಂಡಿಗೆ ಪುಡಕೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಳು. ಮಂಗಳಾರತಿ ಮಾಡುವಂತಿದ್ದ ಅವಳನ್ನು ನೋಡಿ ಪಕ್ಕದ ಹೆಂಗಸು, ‘‘ಫೇಡಾ ಏನ್ರಿ? ಹುಬ್ಬಳ್ಳಿಯಿಂದ ಧಾರವಾಡಕ್ಕ ಫೇಡಾ ಒಯ್ಯಾಕತ್ತೀರಿ!’’ ಎಂದು ನಕ್ಕಳು. ಸಂಘಮಿತ್ರಾ ಕೂಡ ನಕ್ಕಳು. ಬೀಜ ಅನ್ನಲಿಲ್ಲ, ತತ್ತಿಯೂ ಅನ್ನಲಿಲ್ಲ.

ಉಪ್ಪಿನ ಬೆಟಗೇರಿಯಲ್ಲಿ ನೀಲಕಂಠಪ್ಪನ ಎರಡು ಎಕರೆ ಹತ್ತಿ ಪ್ರಾತ್ಯಕ್ಷಿಕೆಯ ಹೊಲ. ‘ಇಲ್ಲಿ ವಿಷ ಸಿಂಪಡಿಸುವುದಿಲ್ಲ’ ಎಂದು ಬರೆದ ಫಲಕ ಬದುವಿನ ಮೇಲೆ ನಿಂತಿತ್ತು. ಫಲಕ ದಾಟಿದ ಕೂಡಲೆ ಸಂಘಮಿತ್ರಾಳ ಮೂಗಿಗೆ ಕಟುವಾದ ವಾಸನೆ ಹೊಡೆಯಿತು.

‘‘ನೀಲಕಂಠಪ್ಪಾರ, ಏನ್ರಿ ಇದು ವಾಸನಿ?’’

‘‘ಸಣ್ಣಗ ಮಾತಾಡ್ರಿ ಮೇಡಮ್ಮಾರ.’’ ನೀಲಕಂಠಪ್ಪ ಸಾಹೇಬರ ಜೀಪಿನ ಕಡೆ ನೋಡಿ ಪಿಸುಗುಟ್ಟಿದ. ‘‘ನಿನ್ನಿ ಸಂಜೀಕ ಸ್ವಲ್ಪ ಎಣ್ಣಿ ಹೊಡದೆ.’’

ಆ ಕಡೆಯ ರೈತರು ಕೀಟನಾಶಕಕ್ಕೆ ಎಣ್ಣಿ ಎನ್ನುತ್ತಾರೆ. ಕಿವಿಗೆ ಎಷ್ಟು ಸಾಧುವಾಗಿ ಕೇಳುತ್ತದೆ.

‘‘ಎಣ್ಣಿ? ಮೂರು ತಿಂಗಳಿಂದ ಬ್ಯಾಡ್ರಿ ಬ್ಯಾಡ್ರಿ ಅಂತ ಬಡ್ಕೊಳ್ಳಾಕತ್ತೇನಿ!’’

‘‘ನಿಮ್ಮ ಸಲುವಾಗೇ ಹೊಡದೇನ್ರಿ. ಸಾಹೇಬ್ರು ಕಾಯಿ ಸೀಳಿದಾಗ ಒಂದು ಕೀಡಿ ಹೊಂಟ್ರ ನಿಮ್ಮ ನೌಕರಿ ಗತಿ ಏನು? ನಮ್ಮ ಮೇಡಮ್ಮಾರ ನೌಕರಿ ಉಳೀಲಿ ಅಂತ, ಖರೇನ ಹೇಳ್ತೇನಿ, ಭಾರೀ ಎಣ್ಣೀನ ಹೊಡದೇನಿ.’’

ಅವನ ಮುಖದಲ್ಲಿ ಅಷ್ಟು ಪ್ರೀತಿಯಿತ್ತು.

ಅಷ್ಟರಲ್ಲಿ ಸಾಹೇಬರು ದತ್ತುವಿನೊಡನೆ ಜೀಪಿನಿಂದಿಳಿದು ಬಂದರು. ಹತ್ತು ಕಾಯಿ ಸೀಳಿ ನೋಡಿದರು. ‘‘ಒಂದು ಹುಳವೂ ಇಲ್ವಲ್ರೀ! ಮಾರ್ವೆಲಸ್! ಎಲ್ಲಿ, ನಿಮ್ಮ ಕಾರ್ಡ್ ಕಟ್ಟಿ ತೋರಿಸಿ. ಫೋಟೋ ತೆಗೀಲಿ.’’

ಸಂಘಮಿತ್ರಾ ಪುಡಕೆಯ ದಾರ ಬಿಚ್ಚಿದಳು. ಬೆರಳುದ್ದ ಇರಬೇಕಾದ ತುಂಡುಗಳು ಅಂಗೈಯಷ್ಟು ಅಗಲ ಇದ್ದವು. ಕರಿಬಣ್ಣ ಸರಿಯಾಗಿತ್ತು. ತರಿತರಿಯೂ ಇತ್ತು. ಒಂದನ್ನು ಮಗುಚಿದಳು. ಬೆನ್ನ ಮೇಲೆ ‘150’ ಎಂದು ಅಚ್ಚಾಗಿತ್ತು.

ಅದು ಕಾಸಿಮಸಾಬನ ಪಾಲಿಶ್ ಕಾಗದ. ಬಾಗಿಲು ತಿಕ್ಕುವ ಉಪ್ಪುಕಾಗದ.

ಹತ್ತಿಯ ಸಾಲುಗಳು ಅವಳ ಕಣ್ಣ ಮುಂದೆ ಒಂದು ಸುತ್ತು ತಿರುಗಿ ಮತ್ತೆ ತಮ್ಮ ಜಾಗಕ್ಕೆ ಬಂದು ನಿಂತವು. ‘ಸರ್, ಪುಡಕೆ ಅದಲುಬದಲಾಗಿದೆ’ ಎಂದು ಹೇಳಲು ಬಾಯಿ ತೆರೆದಳು. ಹೇಗೆ ಅದಲಾಯಿತು ಎಂದು ಕೇಳುತ್ತಾರೆ. ಸರಕಾರದ ಸಾಮಾನು ಮನೆಗೆ ಯಾಕೆ ಒಯ್ದಿರಿ ಎನ್ನುತ್ತಾರೆ. ದತ್ತು ತಾನೇನೂ ಹೇಳಿಲ್ಲ ಎನ್ನುತ್ತಾನೆ. ಬಾಯಿ ತೆರೆದದ್ದು ವ್ಯರ್ಥವಾಗಬಾರದೆಂದು ಆಕಳಿಸಿದಳು.

ಸಾಹೇಬರು ಆಗಲೇ ಒಂದು ತುಂಡನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಸವರುತ್ತಿದ್ದರು. ‘‘ಆಹಾ! ಮುಟ್ಟಿದರೇ ಗೊತ್ತಾಗುತ್ತೆ ನೋಡಿ. ಒಂಥರಾ ಜೀವ ಮಿಡೀತಿದೆ.’’

‘‘ಖರೇ ಸರ್. ಮಿಡೀತದ’’ ಎಂದ ದತ್ತು. ಪಿನ್ನು ಹೊಡೆಯಲು ಹೋದರೆ ಪಿನ್ನೇ ಸೊಟ್ಟಗಾಯಿತು. ‘‘ಈ ಸಲ ಕಾರ್ಡ್ ಭಾರೀ ಗಟ್ಟಿ ಬಂದಾವಲ್ರಿ ಮೇಡಂ?’’

‘‘ಅದೇನು ಹಿಂದೆ ನೂರೈವತ್ತು ಅಂತ?’’ ಸಾಹೇಬರು ಕನ್ನಡಕ ಏರಿಸಿದರು.

ಸಂಘಮಿತ್ರಾ ಇನ್ನೊಂದು ತುಂಡನ್ನು ಎಲೆಗೆ ಕಟ್ಟಿದಳು. ‘‘ದರ್ಜೆ ಸರ್.’’

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ನಲವತ್ತು ಗಿಡಗಳ ಎಲೆಗೆ ಉಪ್ಪುಕಾಗದ ಕಟ್ಟಿದ್ದಾಯಿತು. ನೀಲಕಂಠಪ್ಪ ಭಕ್ತಿಯಿಂದ ಕೈಮುಗಿದ. ಹೊರಡುವಾಗ ಸಾಹೇಬರು ಒಂದು ತುಂಡನ್ನು ದತ್ತುವಿನ ಕೈಗೆ ಕೊಟ್ಟರು. ‘‘ಇದನ್ನ ಕವರಿಗೆ ಹಾಕಿ ಸೀಲ್ ಮಾಡಿ. ಸಂಜೆ ಒಳಗೆ ಮೈಕ್ರೋಸ್ಕೋಪಲ್ಲಿ ನೋಡಿ, ಎಷ್ಟು ಮೊಟ್ಟೆ ಒಡೆದಿದೆ ಅಂತ ಶೇಕಡಾ ಬರೆದು ಕಳಿಸಿ. ಮುಂದಿನ ವರ್ಷದ ತೀರ್ಮಾನ ಅದರ ಮೇಲೇನೆ.’’

ದತ್ತು ಎಷ್ಟೇ ಸೋಮಾರಿಯಾದರೂ ಮೈಕ್ರೋಸ್ಕೋಪಿನಲ್ಲಿ ಉಸುಕನ್ನು ಮೊಟ್ಟೆ ಎನ್ನಲಾರ. ತಲೆನೋವೆಂದು ಹೇಳಿ ಸಾಹೇಬರ ಜೊತೆಗಿನ ಊಟ ತಪ್ಪಿಸಿಕೊಂಡು ಸಂಘಮಿತ್ರಾ ಹುಬ್ಬಳ್ಳಿಯ ಬಸ್ಸು ಹತ್ತಿದಳು. ನಿಜವಾದ ಕಾರ್ಡಿನ ಒಂದು ತುಂಡು ಸಿಕ್ಕರೆ ಸಾಕು, ಹೇಗಾದರೂ ಕವರಿನೊಳಗೆ ಸೇರಿಸಬಹುದು. ದಾರಿಯುದ್ದಕ್ಕೂ ರತ್ನವ್ವನಿಗೆ ಫೋನು ಮಾಡಿದಳು. ರತ್ನವ್ವ ಎತ್ತಲಿಲ್ಲ.

ಮೂರು ಗಂಟೆಗೆ ಮೆಟ್ಟಿಲು ಹತ್ತಿದಾಗ ತಲೆಬಾಗಿಲು ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ಕಾಸಿಮಸಾಬ ಬೀಡಿ ಹಚ್ಚಿಕೊಂಡು ಅದರ ಅಂದ ನೋಡುತ್ತಿದ್ದ.

‘‘ಕಾಸಿಮಣ್ಣ, ಇಲ್ಲೊಂದು ಪುಡಕಿ...’’

‘‘ಆ ಪಾಲಿಶ್ ಕಾಗದೇನ್ರಿ? ಅಂಗಡ್ಯಾಂವ ಮೋಸ ಮಾಡ್ಯಾನ್ರಿ ಮೇಡಂ. ಹುಸಿ ಮಾಲು. ಬೆರಳಷ್ಟ ಬೆರಳಷ್ಟ ತುಣುಕು. ತಿಕ್ಕಿದ್ರ ಮಸಾಲಿ ಎಲ್ಲಾ ಕಟಗೀಗೇ ಹತ್ತಿಕೊಳ್ತು. ಮುಗಸ್ಬೇಕಲ್ಲ, ಎಲ್ಲಾ ತಿಕ್ಕಿ ಖಾಲಿ ಮಾಡಿದೆ.’’ ಅವನು ತಲೆ ಆಡಿಸಿದ. ‘‘ಆದ್ರ ಏನ ಹೇಳ್ರಿ, ನಲವತ್ತು ವರ್ಷದಾಗ ಇಂಥಾ ಹೊಳಪು ನಾ ಕಂಡಿಲ್ಲ. ಏನೋ ಅಂಟು ಇತ್ತ ನೋಡ್ರಿ ಅದರಾಗ.’’

ಒಳಗಿನಿಂದ ರತ್ನವ್ವ ಬಂದರು. ಬೆಳಗಿನ ಸಿಟ್ಟು ಎಲ್ಲೋ ಹೋಗಿತ್ತು. ‘‘ನೋಡವಾ ಸಂಗವ್ವ, ಬಾಗಲಾ ಕನ್ನಡಿ ಆಗೈತಿ! ಬೀಗರು ಹೊಸ್ತಿಲದಾಗ ನಿಂತು ಮೀಸಿ ತಿದ್ದಬಹುದು.’’ ಆಕೆ ಅಂಗೈಯಿಂದ ಬಾಗಿಲನ್ನು ಒಮ್ಮೆ ಸವರಿ, ಅದೇ ಕೈಯನ್ನು ಕಣ್ಣಿಗೊತ್ತಿಕೊಂಡರು.

ಸಂಘಮಿತ್ರಾ ಆ ಬಾಗಿಲನ್ನು ನೋಡಿದಳು. ಒಂದು ಲಕ್ಷ ತತ್ತಿ, ಮೇಲೆ ಎರಡು ಕೈ ವಾರ್ನಿಶ್.

‘‘ಭಾಳ ಛಲೋ ಆಗೈತ್ರಿ ರತ್ನಕ್ಕಾರ’’ ಎಂದಳು. ‘‘ಕಾಸಿಮಣ್ಣ, ಒಂದ ತುಣುಕಾದ್ರೂ ಉಳದಿಲ್ಲೇನು?’’

ಅವನು ಕಿಸೆಗೆ ಕೈಹಾಕಿದ. ‘‘ಅಂಗಡ್ಯಾಂವಗ ಮಾರಿಗೆ ಹಿಡಿಬೇಕಂತ ಇದೊಂದು ಇಟ್ಟೇನಿ. ನಿಮಗ್ಯಾಕ್ರಿ?’’

‘‘ನಾನ ಹೋಗಿ ಹಿಡೀತೇನಿ ಕೊಡ್ರಿ.’’

ಒಂದೂ ತತ್ತಿ ಉದುರದ, ಬೀಡಿಯ ವಾಸನೆ ಹತ್ತಿದ ಆ ತುಂಡನ್ನು ಕರವಸ್ತ್ರದಲ್ಲಿಟ್ಟುಕೊಂಡು ಅವಳು ದಿನದ ಎರಡನೆಯ ಸಲ ಧಾರವಾಡಕ್ಕೆ ಹೊರಟಳು. ಈ ಸಲ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಯಾರದೋ ಮೊಣಕೈ ಅವಳ ಪಕ್ಕೆಗೆ, ಯಾರದೋ ಕೊಡೆ ಅವಳ ಕಾಲಿಗೆ. ಅವಳು ಮಾತ್ರ ಕರವಸ್ತ್ರವನ್ನು ತಲೆಯ ಮೇಲೆ ಹಿಡಿದಿದ್ದಳು.

ಐದು ಗಂಟೆಗೆ ಪ್ರಯೋಗಾಲಯಕ್ಕೆ ಕಾಲಿಟ್ಟಾಗ ದತ್ತು ಕುರ್ಚಿಯಲ್ಲಿ ಒರಗಿ, ಸಾಹೇಬರು ಕುಡಿದು ಉಳಿಸಿದ ತಂಪು ಪಾನೀಯ ಹೀರುತ್ತಿದ್ದ. ಮೈಕ್ರೋಸ್ಕೋಪಿನ ಮೇಲೆ ಎಂದಿನ ಹಾಗೆ ಹೂವಿನ ಚಿತ್ತಾರದ ಬಟ್ಟೆ ಹೊದಿಸಿತ್ತು.

‘‘ದತ್ತಣ್ಣ, ಆ ಸ್ಯಾಂಪಲ್... ನೋಡಿದ್ರೇನ್ರಿ?’’

‘‘ನೋಡದ ಬಿಡ್ತೇನೇನ್ರಿ? ರಿಪೋರ್ಟ್ ಹೋಗಿ ಒಂದು ತಾಸು ಆತು.’’ ಅವನು ಪ್ರತಿಯನ್ನು ಮುಂದೆ ತಳ್ಳಿದ. ‘‘ತೊಂಬತ್ತೆರಡು ಪರ್ಸೆಂಟ್ ಮೇಡಂ! ಮೊಟ್ಟಿ ಒಡದದ್ದು ಕಣ್ಣೀಲೆ ಕಂಡೇನಿ. ನಿಮ್ಮ ಕೈಗುಣಾ ಅಂದ್ರ ಕೈಗುಣಾ.’’

ಅವನು ಕುಡಿಯಲು ಬಾಟಲಿ ಎತ್ತಿದ. ಮೇಜು ಒದ್ದೆಯಾಗಬಾರದೆಂದು ಬಾಟಲಿಯ ಕೆಳಗೆ ಒಂದು ಕವರು ಇಟ್ಟಿದ್ದ. ಅದೇ ಕವರು. ಅರಗಿನ ಸೀಲು ಇದ್ದ ಹಾಗೇ ಇತ್ತು.

ಹೋದ ವರ್ಷವೂ ತೊಂಬತ್ತೆರಡೇ ಬಂದಿತ್ತು. ಆ ಅಂಕಿಯನ್ನು ಅವಳು ಅವ್ವನಿಗೆ ಫೋನು ಮಾಡಿ ಹೇಳಿದ್ದಳು. ಅದರ ಹಿಂದಿನ ವರ್ಷವೂ.

‘‘ಆದ್ರ ಒಂದು ಮಾತು’’ ದತ್ತು ಬಾಟಲಿಯನ್ನು ಮತ್ತೆ ಕವರಿನ ಮೇಲಿಟ್ಟ. ‘‘ಬ್ಯಾಸರಾ ಮಾಡ್ಕೋಬ್ಯಾಡ್ರಿ. ರಿಪೋರ್ಟ್ ನೋಡಿ ಸಾಹೇಬ್ರು ಭಾರೀ ಖುಷ್ ಆದ್ರು. ಇಷ್ಟ ಛಲೋ ನಡದದ ಅಂದ್ರ ಇನ್ನ ರೈತರೇ ಕಟ್ಟಿಕೊಳ್ತಾರ, ಕ್ಷೇತ್ರ ಸಹಾಯಕರು ಬೇಕಾಗಿಲ್ಲ ಅಂತ ಬರದಾರ. ಮೂವತ್ತನೇ ತಾರೀಖಿಗೆ ನಿಮ್ಮ ಹುದ್ದೆ ಮುಗೀತು. ಪಕ್ಕದ ತಾಲೂಕಿನ್ಯಾಗ ಇಪ್ಪತ್ತ ಪರ್ಸೆಂಟ್ ಬಂದದಲ್ಲ, ಅಲ್ಲಿ ಮಾತ್ರ ಇದ್ದವರನ್ನ ಇಟ್ಕೊಂಡು ಇನ್ನಿಬ್ಬರನ್ನ ತಗೊಳ್ಳಾಕತ್ತಾರಂತ. ಅವರು ಪುಣ್ಯಾ ಮಾಡ್ಯಾರ.’’

ಸಂಘಮಿತ್ರಾ ಲೆಕ್ಕ ಹಾಕಿದಳು. ಸತ್ಯ ಹೇಳಿದರೆ ಅಂಕಿ ಸೊನ್ನೆಯಾಗುತ್ತದೆ. ಸೊನ್ನೆಯಾದರೆ ಯೋಜನೆ ಮುಂದುವರಿಯುತ್ತದೆ, ಹುದ್ದೆಯೂ ಉಳಿಯುತ್ತದೆ. ಆದರೆ ಆ ಹುದ್ದೆಯಲ್ಲಿ ಕೂರುವುದು ಹೊಲಕ್ಕೆ ಉಪ್ಪುಕಾಗದ ಕಟ್ಟಿದವಳಲ್ಲ, ಬೇರೆ ಯಾರೋ.

‘‘ಅನುಭವದ ಪತ್ರ ಬರದಿಟ್ಟೇನಿ’’ ದತ್ತು ಇನ್ನೊಂದು ಹಾಳೆ ಕೊಟ್ಟ. ‘‘ಮುಂದ ಎಲ್ಲಿ ಹೋದ್ರೂ ಉಪಯೋಗ ಬರ್ತದ.’’

ಅವಳು ಓದಿದಳು. ‘ಇವರ ಉಸ್ತುವಾರಿಯಲ್ಲಿ ಶೇಕಡಾ 92ರಷ್ಟು ಯಶಸ್ಸು.’ ಆರು ವರ್ಷದ ಬಿಸಿಲಿಗೆ, ಕೆಸರಿಗೆ, ರೈತರ ಕಾಲು ಹಿಡಿದದ್ದಕ್ಕೆ ಸಿಕ್ಕಿದ್ದು ಇದೊಂದು ಸಾಲು. ಅದು ಸುಳ್ಳಾದರೆ ಅವಳ ಹತ್ತಿರ ಇನ್ನೊಂದು ಸಾಲಿರಲಿಲ್ಲ.

ಮುಂಗೈ ಮೇಲೆ ಏನೋ ನವಿರಾಗಿ ಹರಿದಂತಾಯಿತು. ಕರವಸ್ತ್ರ ಬಿಚ್ಚಿದಳು. ಮೊಟ್ಟೆಗಳು ಒಡೆದಿದ್ದವು. ಕಣಜಗಳು ಒಂದೊಂದಾಗಿ ಎದ್ದು, ಬೆಳಕು ಹುಡುಕಿಕೊಂಡು ಕಿಟಕಿಯ ಗಾಜಿನ ಕಡೆ ಹೋಗುತ್ತಿದ್ದವು. ಒಂದು ಹಿಡಿ ಧೂಳು ತಾನಾಗಿಯೇ ಎದ್ದು ನಡೆದಂತಿತ್ತು. ನೂರಕ್ಕೆ ಎಷ್ಟು ಎಂದು ಬೇಕಾದರೆ ಎಣಿಸಬಹುದಿತ್ತು.

‘‘ಏನ್ ನೋಡಾಕತ್ತೀರಿ ಮೇಡಂ?’’ ದತ್ತು ಗಾಜಿನ ಕಡೆ ತಿರುಗಿದ. ‘‘ಧೂಳ ಭಾಳ ಆಗ್ಯದಲ್ಲ? ನಾಳೆ ಒರಸಸ್ತೇನಿ.’’

ಅವಳು ಕಿಟಕಿಯ ಚಿಲಕ ತೆಗೆದಳು. ಹೊರಗೆ ಗುಲ್‌ಮೊಹರಿನ ಸಾಲು, ನಿಲ್ಲಿಸಿದ ಜೀಪು. ಹತ್ತು ಮೈಲಿಯೊಳಗೆ ಹತ್ತಿಯ ಗಿಡ ಇರಲಿಲ್ಲ.

ಚೀಲದಲ್ಲಿ ಫೋನು ಅದುರಿತು. ಅವ್ವ. ತಪಾಸಣೆ ಏನಾಯಿತೆಂದು ಕೇಳಲು ಸಂಜೆಯವರೆಗೆ ಕಾದಿರಬೇಕು. ಸಂಘಮಿತ್ರಾ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟಳು. ರತ್ನವ್ವನ ಬಾಗಿಲಿನ ಮಾತನ್ನು, ಒದ್ದೆಯಾದ ಆ ಕವರಿನ ಮಾತನ್ನು, ಯಾರಿಗೂ, ಎಂದಿಗೂ ಹೇಳಬಾರದೆಂದು ಅಲ್ಲಿ ನಿಂತಲ್ಲೇ ತೀರ್ಮಾನಿಸಿ, ಫೋನು ಎತ್ತಿದಳು.

‘‘ಹೂಂ ಅವ್ವಾ’’ ಎಂದಳು. ‘‘ತೊಂಬತ್ತೆರಡು.’’